ಹಾರ್ನ್ ನಿಂತ ಜಾಗ

“ಒಂದ ಸಲ, ಒಂದ ಸಲ ಹಾರ್ನ್ ಹೊಡದಿದ್ರ ನಾ ಸರದು ನಿಂದರತಿದ್ನಿ ಅಲ್ರೀ ಅಕ್ಕಾರ? ನನಗೇನು ಸಾಯೂ ಹುಕಿ ಬಂದಿತ್ತೇನು?”

ಇಮಾಮಸಾಬ ಹೀಗೆ ಕೇಳಿ, ಪ್ಲಾಸ್ಟರ್ ಹಾಕಿದ ಕಾಲನ್ನು ಎರಡೂ ಕೈಯಿಂದ ಎತ್ತಿ ದಿಂಬಿನ ಮೇಲೆ ಇಟ್ಟುಕೊಂಡ. ಸ್ಕೂಟರಿಗೆ ಪೆಟ್ಟಿಗೆ ಕಟ್ಟಿಕೊಂಡು, ಚುರುಮುರಿ ಕಲಸಿ ಗಿರಮಿಟ್ ಮಾರುವ ಮನುಷ್ಯ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಎರಡು ಕೋಣೆಯ ಮನೆ. ಅವನಿಗೆ ಟ್ಯಾಕ್ಸಿ ಹೊಡೆದಿತ್ತು. ಹೊಡೆದವನ ಪರ ವಕೀಲೆ ಇಂದುಮತಿ ಬೆಂಡಿಗೇರಿ ಈಗ ಅವನೆದುರಿಗೇ ಸ್ಟೂಲಿನ ಮೇಲೆ ಕೂತು, ಅವನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಿದ್ದಳು. ನಮ್ಮ ಕಡೆ ಹೀಗೇ. ಜಗಳ ಕೋರ್ಟಿನಲ್ಲಿ, ಚಹಾ ಮನೆಯಲ್ಲಿ.

“ಬ್ಯಾಟರಿ ಗಾಡಿ ಅಕ್ಕಾರ, ಬೆಕ್ಕ ಬಂದಂಗ ಬರತಾವ. ಅವಕ್ಕ ಇರೂದು ಒಂದ ಬಾಯಿ, ಹಾರ್ನು. ಅದನ್ನೂ ಮುಚ್ಚಿಕೊಂಡು ಬಂದ್ರ ನಾವೇನು ವಾಸನಿ ಹಿಡದು ಸರೀಬೇಕೇನು?”

“ಚುರುಮುರಿ ಕಥಿ ಹೇಳ್ರಿ ಅವರಿಗೆ,” ಎಂದು ಒಳಗಿಂದ ಹೆಂಡತಿ ಕೂಗಿದಳು.

“ಹೇಳತೀನಿ ತಡಿ. ನಾ ಬಿದ್ನಿ, ನನ್ನ ಮ್ಯಾಲೆ ಚುರುಮುರಿ ಚೀಲ ಒಡೀತು. ಕಣ್ಣ ತಗದ್ರ ರಸ್ತಾ ತುಂಬ ಬೆಳ್ಳಗ. ಇಮಾಮಾ, ಜನ್ನತ್ತಿಗೆ ಬಂದಿ ಅನ್ಕೊಂಡ್ನಿ. ಆದ್ರ ಜನ್ನತ್ತಿನಾಗ ಉಳ್ಳಾಗಡ್ಡಿ ವಾಸನಿ ಯಾಕ ಬರತೈತಿ?” ಅವನು ನಕ್ಕ. ನಗುತ್ತಿದ್ದವನು ಹಾಗೆಯೇ ದನಿ ಇಳಿಸಿದ. “ಆ ಮನಶ್ಯಾ ಇಳದು ಬಂದ ನೋಡ್ರಿ. ಬೈಲಿಲ್ಲ, ಓಡಿಹೋಗಲಿಲ್ಲ. ಆ ಚುರುಮುರಿ ನಡಕ ಕುಂತ ಬಿಟ್ಟ. ಆಮ್ಯಾಲೆ ನನ್ನ ಹೊತ್ತು ಮುಂದಿನ ಸೀಟಿನ್ಯಾಗ ಕೂಡ್ರಿಸಿದ. ಹಿಂದ ಒಬ್ಬಾಕಿ ಮಲಗಿದ್ಲು, ಮಾರಿ ಮ್ಯಾಲೆ ಸೆರಗು. ಯಾರು ಅಂದ್ನಿ. ನಮ್ಮ ಮನಿಯಾಕಿ, ಮಲಗ್ಯಾಳ ಅಂದ. ಅಲ್ಲಿಂದ ಮುಂದ ಎಷ್ಟ ಸಾವಕಾಶ ಹೊಡದ ಅಂದ್ರ, ನಾನ ಅಂದ್ನಿ: ಜರಾ ಜೋರ ಹೊಡಿ ಮಾರಾಯಾ, ನನ್ನ ಕಾಲ ಮುರದೈತಿ!”

ಇಂದುಮತಿ ಕಪ್ಪು ಕೆಳಗಿಟ್ಟಳು.

“ಆಕಿ ಹೋದ್ಲಂತಲ್ಲ ಅಕ್ಕಾರ, ಆಸ್ಪತ್ರಿ ಬಾಗಲದಾಗ. ನಾ ಅವನ ಮ್ಯಾಲೆ ಸಿಟ್ಟ ಇಟ್ಕೊಂಡಿಲ್ಲ. ಮಾಫ್ ಮಾಡೀನಿ ಅಂತ ಕೋರ್ಟಿನ್ಯಾಗ ಹೇಳತೀನಿ, ಬಿಡಸ್ರಿ.”

“ನೀವು ಮಾಫ್ ಮಾಡಿದ್ರ ಮುಗಿಯೂದಿಲ್ಲ ಚಾಚಾ. ಈ ಕೇಸು ನಿಮ್ಮದಲ್ಲ, ಸರಕಾರದ್ದು.”

“ಕಾಲು ನಂದು, ಕೇಸು ಸರಕಾರದ್ದು. ಭೇಷ್ ಆತು.”

ಇಂದುಮತಿ ವಕೀಲಿಕೆ ಶುರು ಮಾಡಿದ ಕಾಲಕ್ಕೆ ಅಜಾಗರೂಕ ಚಾಲನೆಯ ಕೇಸು ಎಂದರೆ ಹೆಚ್ಚುಕಡಿಮೆ ನಾಟಕ ಕಂಪನಿಯ ಕೆಲಸ. ಅವಳ ಹಿರಿಯ ವಕೀಲರ ಹತ್ತಿರ ಸಿದ್ಧ ಪಾತ್ರಗಳ ಒಂದು ದಂಡೇ ಇತ್ತು. ಬ್ರೇಕು ಹತ್ತಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು. ಗಾಡಿ ನಡೆಸಿದವ ನಾನಲ್ಲ, ಕ್ಲೀನರು. ಏನೂ ಸಿಗದಿದ್ದರೆ ನಾಯಿ ಅಡ್ಡ ಬಂತು. ‘ಈ ಊರಿನಲ್ಲಿ ನಾಯಿಗಳಿಲ್ಲದಿದ್ದರೆ ನೀವೆಲ್ಲ ಹೊಟ್ಟೆಗೇನು ಮಾಡುತ್ತಿದ್ದಿರಿ?’ ಎಂದು ಒಬ್ಬ ನ್ಯಾಯಾಧೀಶರು ಕೇಳಿಯೂ ಇದ್ದರಂತೆ. ಆದರೆ ಆ ನಾಟಕದ ಕೆಳಗೆ ಕಾನೂನಿನ ನಿಜವಾದ ಪ್ರಶ್ನೆಯೊಂದು ಇದ್ದೇ ಇತ್ತು. ಆತ ಅಪಾಯ ಕಂಡೂ ಮುಂದೆ ನುಗ್ಗಿದನೋ, ಅಥವಾ ಕಾಣದೆ ತಪ್ಪಿದನೋ? ತಪ್ಪಿದ್ದು ಬೇರೆ, ನುಗ್ಗಿದ್ದು ಬೇರೆ. ಆ ಎರಡರ ನಡುವಿನ ಗೆರೆ ಡ್ರೈವರನ ತಲೆಯೊಳಗೆ ಇತ್ತು. ಅಲ್ಲಿಗೆ ಯಾವ ವಕೀಲನೂ ಹೋಗಿಬಂದಿರಲಿಲ್ಲ.

ಆಮೇಲೆ ಬಂತು ನೋಡಿ, ಕೈಗೆರೆ.

ಸ್ಟೀರಿಂಗಿನ ಮೇಲೆ ಸುತ್ತಿದ ಒಂದು ತೆಳು ಪಟ್ಟಿ. ಅಂಗೈ ಬೆವರು, ನಾಡಿ, ಬೆರಳ ಬಿಗಿ ಇವನ್ನೆಲ್ಲ ಅದು ತೊಗಲಿನಿಂದಲೇ ಹಿಡಿಯುತ್ತದೆ. ಕನ್ನಡಿಯ ಮೇಲಿನ ಸಣ್ಣ ಕಣ್ಣು ಡ್ರೈವರನ ಕಣ್ಣು ಎತ್ತ ಹೊರಳಿತು ಎಂದು ನೋಡುತ್ತದೆ. ಅದು ಮನಸ್ಸಿನ ಮಾತು ಓದುವುದಿಲ್ಲ. ಓದುತ್ತದೆಂದು ಹೆದರಿ ಮೊದಮೊದಲು ಜನ ಕೈಗವಸು ಹಾಕಿಕೊಂಡು ಗಾಡಿ ನಡೆಸಿದ್ದೂ ಉಂಟು. ಅದು ಓದುವುದು ಪೆಟ್ಟನ್ನು ಮಾತ್ರ. ಏನಾದರೂ ಕಂಡು ಎದೆ ಧಸಕ್ಕೆಂದರೆ, ಆ ಧಸಕ್ಕು ಅಂಗೈಗೆ ಇಳಿಯುತ್ತದಲ್ಲ, ಅಲ್ಲಿ ಗೆರೆ ಏಳುತ್ತದೆ. ಎದ್ದ ಮೇಲೂ ಕಾಲು ಬ್ರೇಕಿಗೆ ಹೋಗದಿದ್ದರೆ ನುಗ್ಗಿದ ಹಾಗೆ. ಗೆರೆ ಏಳಲೇ ಇಲ್ಲವಾದರೆ ಕಂಡೇ ಇಲ್ಲ.

ನಾಯಿಗಳು ಕೋರ್ಟಿನಿಂದ ಮಾಯವಾದವು. ಉಳಿದದ್ದು ಮೂರು ಸಮರ್ಥನೆ: ಕಾಣಲಿಲ್ಲ; ಕಂಡೆ, ಆದರೆ ಒಂದು ಜೀವ ಉಳಿಸಲು ಬೇರೆ ದಾರಿ ಇರಲಿಲ್ಲ; ಅಥವಾ, ಆ ಹೊತ್ತಿಗೆ ಮೈ ನನ್ನ ಸ್ವಾಧೀನದಲ್ಲಿ ಇರಲಿಲ್ಲ. ಒಂದು ಷರತ್ತೂ ಇತ್ತು. ಡ್ರೈವರ್ ಒಪ್ಪಿದರೆ ಮಾತ್ರ ಗೆರೆ ತೆರೆಯಬೇಕು. ತೆರೆದರೆ ಗಾಡಿ ಹೊರಟಲ್ಲಿಂದ ನಿಂತಲ್ಲಿಯವರೆಗೆ ಪೂರ್ತಿ, ಬಾಗಿಲು ತೆರೆದ ಕೋರ್ಟಿನಲ್ಲಿ, ಎಲ್ಲರ ಎದುರು ಓದಬೇಕು. ಮೊದಲು ವಕೀಲರು ತಮಗೆ ಬೇಕಾದ ತುಂಡನ್ನಷ್ಟೇ ಕತ್ತರಿಸಿ ತೋರಿಸುತ್ತಿದ್ದರು, ಅದಕ್ಕೆ ಈ ಕಟ್ಟುನಿಟ್ಟು.

ಪೇಷಂಟ್ ಒಯ್ಯುವಾಗ ಆದ ಅಪಘಾತವೆಂದರೆ ಎಲ್ಲರೂ ತೆರೆಸುತ್ತಾರೆ. ಬಿಡುಗಡೆ ಖಾತ್ರಿ. ಆ ಟ್ಯಾಕ್ಸಿಯ ಡ್ರೈವರ್ ದ್ಯಾಮಣ್ಣ ಅಂಬಿಗೇರ ಮಾತ್ರ ಒಲ್ಲೆನೆಂದು ಕೂತಿದ್ದ.

“ತಗಸಪ್ಪಾ!” ಇಂದುಮತಿಯ ಆಫೀಸಿನಲ್ಲಿ ಅವನ ಮಗಳು ಚಂಪಾ ಅವನ ಮೊಣಕೈ ಹಿಡಿದು ಅಲುಗಿಸಿದಳು. ಅವಳು ಬಸುರಿ, ಆಗ ಆರನೇ ತಿಂಗಳು ನಡೆಯುತ್ತಿತ್ತು. “ಅದರಾಗ ಎಲ್ಲಾ ಐತಿ ಅಂತಾರಲ್ಲ ಅಕ್ಕಾರು. ಅವ್ವಗ ಎದಿನೋವು ಬಂದದ್ದು, ನೀ ಓಡಿಸಿಕೊಂಡು ಬಂದದ್ದು, ನಾ ಮಾತಾಡಿದ್ದು, ಅವ್ವ ನಕ್ಕದ್ದು. ಜಡ್ಜ್ ಸಾಹೇಬ್ರು ಕೇಳಲಿ.”

“ಬ್ಯಾಡ.”

“ಯಾಕ ಬ್ಯಾಡ?”

“ಬ್ಯಾಡ ಅಂದ್ರ ಬ್ಯಾಡವ್ವಾ.” ದ್ಯಾಮಣ್ಣ ಟೇಬಲ್ಲಿನ ಮೇಲಿನ ಪೇಪರ್‌ವೇಟನ್ನೇ ನೋಡುತ್ತಿದ್ದ. ಅಗಲ ಅಂಗೈಯ, ದೊಡ್ಡ ದೇಹದ ಮನುಷ್ಯ. ಕುರ್ಚಿಯಲ್ಲಿ ಕೂತರೂ ಸ್ಟೀರಿಂಗು ಹಿಡಿದವನಂತೆ ಎರಡೂ ಕೈ ಮುಂದಿರುತ್ತಿದ್ದವು.

ಚಂಪಾ ಇಂದುಮತಿಯ ಕಡೆ ತಿರುಗಿದಳು. “ನಿಮಗ ಗೊತ್ತಿಲ್ರಿ ಅಕ್ಕಾರ. ನಾ ಮನ್ಯಾಗ ಹೇಳದ ಗದಗಿನ್ಯಾಗ ಲಗ್ನಾ ಮಾಡ್ಕೊಂಡ್ನಿ. ಅವ್ವ ಎರಡ ವರ್ಷ ನನ್ನ ಕೂಡ ಒಂದ ಮಾತ ಆಡಿಲ್ಲ. ಅಪ್ಪ ಕದ್ದು ಫೋನ್ ಮಾಡತಿದ್ದ, ಆಕಿ ಹಿಂದ ನಿಂತು ಪಾತ್ರಿ ಕುಕ್ಕತಿದ್ಲು. ಆವತ್ತ ಅಪ್ಪ ಹಚ್ಚಿದಾಗ ಹಾರ್ನ್ ಸದ್ದಿನ್ಯಾಗ ಏನೂ ತಿಳೀಲಿಲ್ಲ. ‘ಬಾ’ ಅಂದದ್ದಷ್ಟ ತಿಳೀತು. ಬಸ್ ಹತ್ತಿ ತಿರುಗಿ ನಾ ಹಚ್ಚಿದ್ನಿ. ಅವ್ವಗ ಕೊಡು ಅಂದ್ನಿ. ಅಪ್ಪ ಆಕಿ ಕಿವಿಗೆ ಹಿಡದ. ಅವ್ವಾ ಸಿಟ್ಟ ಬಿಡ, ನಾ ಬಸರ ಅದೀನಿ, ಹೆಣ್ಣಾದ್ರ ನೀಲಾ ಅಂತ ನಿನ್ನ ಹೆಸರ ಇಡತೀನಿ ಅಂದ್ನಿ. ಆಕಿಗೆ ಮಾತ ಬರಲಿಲ್ಲ, ನಕ್ಕಳಂತ. ಅಪ್ಪ ನೋಡ್ಯಾನ.” ಕಣ್ಣು ಒರೆಸಿಕೊಂಡು ಅವಳು ಅಪ್ಪನ ಕಡೆ ತಿರುಗಿದಳು. “ಅವ್ವ ಇಲ್ಲ. ನೀನೂ ಒಳಗ ಹೋದ್ರ ನನ್ನ ಬಾಣಂತನ ಯಾರ ಮಾಡ್ತಾರ? ನಾಳೆ ನೀಲಾ ಹುಟ್ಟಿದ್ರ ಆಕಿನ್ನ ಜೈಲಿನ ಜಾಳಗಿ ಹಿಂದಿಂದ ನೋಡ್ತಿಯೇನು?”

ದ್ಯಾಮಣ್ಣನ ಬೆರಳು ಪೇಪರ್‌ವೇಟಿನ ಮೇಲೆ ಒಂದು ಸುತ್ತು ಸುತ್ತಿತು. ಅಷ್ಟೇ.

ಮಗಳು ಹೊರಗೆ ನೀರು ಕುಡಿಯಲು ಹೋದಾಗ ಇಂದುಮತಿ ಮೆಲ್ಲಗೆ ಹೇಳಿದಳು. “ದ್ಯಾಮಣ್ಣಾ, ಕೋರ್ಟಿನ್ಯಾಗ ಬ್ಯಾಡ. ನಿಮ್ಮ ವಕೀಲಳು ಅಂತ ನಾ ಒಬ್ಬಾಕಿನ ನೋಡಬಹುದು. ನೋಡಿದ್ದು ನನ್ನ ಹೊಟ್ಟಿಯಾಗ ಇರತೈತಿ. ನೀವು ಹೇಳದ ನಾ ಬಾಯಿ ಬಿಡಂಗಿಲ್ಲ. ಕಾನೂನ ಐತಿ.”

ಅವನು ಬಾಗಿಲ ಕಡೆ ನೋಡಿ, ಒಪ್ಪಿಗೆ ಕಾಗದದ ಮೇಲೆ ಹೆಬ್ಬೆರಳು ಒತ್ತಿಕೊಟ್ಟ. “ನೀವ ಒಬ್ಬರ ನೋಡ್ರಿ. ನೋಡಿ ಸುಮ್ಮನಾಗ್ರಿ.”

ಗೆರೆ ಓದುವ ಕೇಂದ್ರ ನವನಗರದ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ. ಅಲ್ಲಿಯ ವಿಜ್ಞಾನಿ ಪ್ರಾಣೇಶ ಧಾರವಾಡದವರು, ಚಹಾದ ಚಟದವರು. ದಿನವೂ ಬೇರೆಯವರ ಗಾಬರಿಗಳನ್ನು ಓದಿ ಓದಿ ತಾವು ಮಾತ್ರ ಗಾಬರಿಯಾಗುವುದನ್ನೇ ಬಿಟ್ಟವರು. ಗೋಡೆಯಷ್ಟಗಲದ ತೆರೆಯ ಮೇಲೆ ಅವರು ದ್ಯಾಮಣ್ಣನ ಗೆರೆಯನ್ನು ಹರಡಿದರು.

“ಕಲಘಟಗಿಯಿಂದ ಹೊರಟಾರ. ಇಲ್ಲೆ ತಿಳೀತು ಹೆಂಡತಿಗೆ ನೋವು ಅಂತ. ನೋಡ್ರಿ ಹೆಂಗ ಎದ್ದದ. ಇಲ್ಲಿಂದ ಸ್ಪೀಡು ನೂರರ ಮ್ಯಾಲೆ. ಆದರ ಮನುಷ್ಯಾ ಪಕ್ಕಾ ಇದ್ದಾನ. ಲಾರಿ ಕಾಣತದ, ಗೆರಿ ಏಳತದ, ಕಾಲು ಬ್ರೇಕಿಗೆ ಹೋಗತದ. ಎಮ್ಮಿ ಕಾಣತದ, ಮತ್ತ ಹಂಗ. ಇಷ್ಟು ಛಲೋ ಡ್ರೈವರನ್ನ ನಾ ಕಂಡಿಲ್ಲ.” ಕೆಳಗೆ ಕೆಂಪು ಪಟ್ಟಿಯೊಂದು ಉದ್ದಕ್ಕೂ ಹರಿದಿತ್ತು. ಅವರು ಅದನ್ನು ತೋರಿಸಿದರು. “ಇದು ಹಾರ್ನು. ಹಾರ್ನಿನ ಗುಂಡಿ ನಡುವ ಇರತದಲ್ಲ, ಇವರು ಅದನ್ನ ಕಿತ್ತಿಸಿ ಬಲಗೈ ಹೆಬ್ಬೆರಳಿನ ಕೆಳಗ ಕೂಡ್ರಿಸ್ಯಾರ. ಕೈ ತಗೀದ ಹೊಡೀಬಹುದು. ನೋಡ್ರಿ, ಹತ್ತು ಮೈಲು ಆ ಬೆರಳ ಎತ್ತಿಲ್ಲ.”

ಪಟ್ಟಿ ಹರಿಯುತ್ತ ಹರಿಯುತ್ತ ಒಂದು ಕಡೆ ಕಡಿದುಹೋಯಿತು. ಅದರ ಮೇಲೇ, ಗೆರೆ ತೆರೆಯ ತುದಿ ಮುಟ್ಟುವಂತೆ ಎದ್ದಿತ್ತು.

“ಇದೇನ್ರಿ ಇದು?”

“ರೈಲ್ವೆ ಸೇತುವೆ. ರಸ್ತಾದಾಗ ಏನೂ ಇಲ್ಲ, ಖಾಲಿ. ಕಣ್ಣು ಕನ್ನಡಿಯೊಳಗದ, ಹಿಂದಿನ ಸೀಟಿನ ಮ್ಯಾಲೆ.” ಪ್ರಾಣೇಶ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡಿದ್ದರು, ಕುಡಿಯಲಿಲ್ಲ. “ಇಲ್ಲೆ ತಿಳೀತು ಅವರಿಗೆ.”

ಇಂದುಮತಿ ತೆರೆಯ ಹತ್ತಿರ ಹೋಗಿ ನಿಂತಳು.

“ಮುಂದ ನೋಡ್ರಿ. ಗೆರಿ ಸಪಾಟ. ಸಿಗ್ನಲ್ ಕೆಂಪದ, ಕಣ್ಣ ಅದರ ಮ್ಯಾಲೇ ಅದ, ಗೆರಿ ಅಲುಗಿಲ್ಲ. ಸ್ಕೂಟರೂ ಹಂಗ. ರಸ್ತಾನೇ ಅವರಿಗೆ ಕಂಡಿಲ್ಲ. ಕಣ್ಣು ತಗದು ಮೂರ್ಛೆ ಹೋದಂಗ. ನಿಮ್ಮ ಕೇಸು ಗೆದ್ದಂಗ, ಇಂದುಮತಿಯವರ. ಮೈ ಸ್ವಾಧೀನ ಇರಲಿಲ್ಲ ಅನ್ನೂದಕ್ಕ ಇದಕ್ಕಿಂತ ಸ್ವಚ್ಛ ಗೆರಿ ಸಿಗೂದಿಲ್ಲ.”

“ಫೋನು?”

“ಸೇತುವೆ ಆದ ಮ್ಯಾಲೆ ಬಂದದ.” ಅವರು ಬೆರಳಿಟ್ಟರು. “ಇಲ್ಲಿ. ಎಡಗೈ ಸ್ಟೀರಿಂಗ್ ಬಿಡತದ, ಹಿಂದ ಹೋಗತದ. ಫೋನ್ ಮುಗಿಯೂ ತನಕ ಹಿಂದ ಇರತದ.” ಯಾರನ್ನೋ ಬೈಯುವವರಂತೆ ಕೇಳಿದರು. “ಕಿವಿಗೆ ಹಿಡದೀನಿ ಅಂತ ಬಾಯಿಲೆ ಹೇಳಿದ್ರ ಸಾಕಿತ್ತಲ್ರೀ? ಗಾಡಿಯೊಳಗ ನೋಡಲಿಕ್ಕೆ ಯಾರಿದ್ರು?”

ಕೆಳಗಿಳಿದು ಬರುವಾಗ ಇಂದುಮತಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಪ್ಪತ್ತು ವರ್ಷ ಕಾನೂನು ಅರೆದು ಕುಡಿದವಳು, ನೋಡುತ್ತೇನೆ ಎಂದು ಕೇಳುವ ಮೊದಲು ನೋಡಿದರೆ ಏನಾದೀತು ಎಂದು ಯೋಚಿಸಲಿಲ್ಲವಲ್ಲ.

ಮರುದಿನ ಅವಳು ದ್ಯಾಮಣ್ಣನ ಮನೆಗೇ ಹೋದಳು. ಚಂಪಾ ಸಂತೆಗೆ ಹೋಗಿದ್ದಳು. ದ್ಯಾಮಣ್ಣ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯಲು ಕಲಿಯುತ್ತಿದ್ದ. ಕಲ್ಲಿನ ಮೇಲೆ ಒಂದು ರೊಟ್ಟಿ ಭೂಪಟದ ಹಾಗೆ ಹರಿದು ಬಿದ್ದಿತ್ತು.

“ಬಾಣಂತಿಗೆ ಬಿಸಿರೊಟ್ಟಿ ಬೇಕಲ್ರಿ,” ಎಂದ ನಾಚಿಕೊಂಡು. “ಒಳಗ ಹೋಗೂದರಾಗ ಕಲತು ಆಕಿ ಗಂಡಗ ಹೇಳಿಕೊಡಬೇಕಂತ ಮಾಡೀನಿ. ಪಾಪ, ಆ ಹುಡುಗಗ ಚಾ ಕಾಸಾಕೂ ಬರೂದಿಲ್ಲ.”

“ದ್ಯಾಮಣ್ಣಾ, ಸೇತುವಿ ಮ್ಯಾಲೆ ಹಾರ್ನ್ ಯಾಕ ನಿಲ್ಲಿಸಿದ್ರಿ?”

ಅವನು ಹಿಟ್ಟಿನ ಕೈ ಒರೆಸಿಕೊಂಡು ಮಣೆಯ ಮೇಲೆ ಕೂತ. ಅವಳಿಗೂ ಒಂದು ಮಣೆ ಸರಿಸಿದ.

“ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ್ಯಾಗ ಒಂದ ಪದ್ಧತಿ ಐತ್ರಿ. ಗಾಡಿಯಾಗ ಪೇಷಂಟ್ ಇದ್ರ ಹಾರ್ನಿನ ಮ್ಯಾಲಿನ ಕೈ ತಗಿಯಂಗಿಲ್ಲ. ಜೀವ ಐತಿ, ದಾರಿ ಬಿಡ್ರಿ ಅಂತ ಕೂಗಿದಂಗ. ಜೀವ ಹೋತು ಅಂದ್ರ ಹಾರ್ನ್ ಬಂದ್. ಹೆಣಾ ಒಯ್ಯೂ ಗಾಡಿ ಹಾರ್ನ್ ಹೊಡಿಯಂಗಿಲ್ಲ, ಯಾವ ಕಾರಣಕ್ಕೂ. ಹಿರೇ ಡ್ರೈವರ್ಸು ನಮಗ ಬಡದು ಕಲಿಸ್ಯಾರ. ಹೋದವರ ತಲಿ ಮ್ಯಾಲೆ ಒದರಬಾರದು ಅಂತ.” ಅವನು ತನ್ನ ಬಲ ಹೆಬ್ಬೆರಳನ್ನು ನೋಡಿಕೊಂಡ. “ನಾ ನಿಲ್ಲಿಸಿದ್ದಲ್ರಿ. ಕನ್ನಡ್ಯಾಗ ನೋಡಿದ್ನಿ. ಬೆರಳು ತಾನ ಎದ್ದ ಬಿಟ್ಟಿತು.”

“ಗೆರಿ ತೆರದ್ರ ನಿಮ್ಮ ತಪ್ಪಿಲ್ಲ ಅಂತ ಆಗತೈತಿ. ಆ ಹೊತ್ತಿನ್ಯಾಗ ನೀವು ನೀವಾಗಿರಲಿಲ್ಲ. ಯಂತ್ರ ಹೇಳತೈತಿ.”

“ಯಂತ್ರಕ್ಕೇನ ಗೊತ್ತೈತ್ರಿ?” ಅವನ ದನಿ ಮೊದಲ ಸಲ ಏರಿತು. “ಫೋನ್ ಬಂತು. ಗಾಡಿ ಬದೀಗಿ ಹಚ್ಚಬೇಕಿತ್ತು. ನನಗ ತಿಳಿದಿತ್ರಿ, ಹಚ್ಚಬೇಕು ಅಂತ. ಆದ್ರ ಆಕಿ ಕೇಳಿದ್ಲು, ‘ಅಪ್ಪಾ, ಜೋರ ಹೊಡ್ಯಾಕತ್ತಿಯಿಲ್ಲೋ?’ ಅಂತ. ಹೊಡ್ಯಾಕತ್ತೇನವ್ವಾ ಅಂದ್ನಿ. ಹಂಗಂದ ಮ್ಯಾಲೆ ಹೆಂಗ ನಿಲ್ಲಸಲ್ರಿ? ಗಾಡಿ ನಿಂತ್ರ ಗಾಳಿ ಸಪ್ಪಳ ನಿಲ್ಲತಿತ್ತು. ಮಗಳಿಗೆ ತಿಳೀತಿತ್ತು.”

ಗೋಡೆಯಷ್ಟಗಲದ ಆ ತೆರೆಯ ಮೇಲೆ ಇದು ಎಲ್ಲಿಯೂ ಇರಲಿಲ್ಲ.

“ಎರಡ ವರ್ಷ ಮಗಳು ಆ ಮಾತ ಹೊಟ್ಟಿಯಾಗ ಇಟ್ಕೊಂಡಿದ್ಲು. ಆಡಲಿ ಬಿಡು ಅಂತ ಹಿಡದ್ನಿ. ಅವ್ವ ಕೇಳಿದ್ಲು ಅಂತ ಆಕಿ ತಿಳದಾಳ. ಅದರ ಮ್ಯಾಲೆ ಆಕಿ ನಿಂತಾಳ್ರಿ, ಹೊಟ್ಟ್ಯಾಗಿನ ಕೂಸ ಹೊತ್ಕೊಂಡು. ಈಗ ಕೋರ್ಟಿನ್ಯಾಗ ತೆರೆ ಹಾಸಿ, ಇಗಾ ಇಲ್ಲೆ ಸತ್ತಳು ನಿಮ್ಮವ್ವ, ಇಗಾ ಇಲ್ಲೆ ನಿನ್ನ ಫೋನ್ ಬಂತು ಅಂತ ಕೋಲ ಹಿಡದು ತೋರಿಸೂದೇನು?” ಅವನು ತಲೆ ಅಲ್ಲಾಡಿಸಿದ. “ಆ ಗಿರಮಿಟ್ ಸಾಬನ ಕಾಲು ನಾನ ಮುರದೀನಿ. ಅದಕ್ಕ ಶಿಕ್ಷಾ ನನಗ ಬರಬೇಕಾದ್ದ. ಅದರಾಗ ಸುಳ್ಳೇನಿಲ್ಲ.”

“ಚಂಪಾಗ ನೀವ ಹೇಳ್ರಿ. ಕೋರ್ಟಿನ್ಯಾಗ ಬ್ಯಾಡ, ಮನ್ಯಾಗ. ಅಳತಾಳ, ಅತ್ತು ಸುಮ್ಮನಾಗತಾಳ.”

“ಆಕಿಗೆ ಹೇಳೂ ಮೊದಲ ನಾ ನನಗ ಹೇಳ್ಕೊಬೇಕಲ್ರಿ,” ಎಂದ ದ್ಯಾಮಣ್ಣ. “ನೀಲವ್ವ ನಕ್ಕದ್ದು ಈಗೀಗ ನನಗೂ ಕಾಣಾಕತ್ತೈತಿ.”

ಕಲ್ಲಿನ ಮೇಲಿನ ರೊಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅವನು ಅದನ್ನು ಮುದ್ದೆ ಮಾಡಿ, ನೀರು ಚಿಮುಕಿಸಿ, ಮತ್ತೆ ಬಡಿಯಲು ಶುರು ಮಾಡಿದ.

ಕೋರ್ಟಿನಲ್ಲಿ ಆ ದಿನ ಹೆಚ್ಚು ಜನ ಇರಲಿಲ್ಲ. ಸ್ಟ್ಯಾಂಡಿನ ನಾಲ್ಕಾರು ಡ್ರೈವರುಗಳು ಹಿಂದೆ ನಿಂತಿದ್ದರು. ಚಂಪಾ ಮುಂದಿನ ಬೆಂಚಿನಲ್ಲಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅಪ್ಪ ಕಡೆಯ ಗಳಿಗೆಯಲ್ಲಾದರೂ ಒಪ್ಪುತ್ತಾನೆ ಎಂದು ಅವಳಿಗೆ ಇನ್ನೂ ಆಸೆ. ಅದಕ್ಕೇ ಅವನಿಗಾಗಿ ಒಗೆದ ಅಂಗಿ ತಂದಿದ್ದಳು, ಬಿಟ್ಟ ಮೇಲೆ ಹಾಕಿಕೊಂಡು ಮನೆಗೆ ಬರಲಿ ಎಂದು.

ಇಮಾಮಸಾಬ ಬಡಿಗೆ ಊರಿಕೊಂಡು ಸಾಕ್ಷಿಕಟ್ಟೆ ಏರಿದ.

“ಗಾಡಿ ಬಂದದ್ದು ನಿಮಗೆ ಗೊತ್ತಾಗಲಿಲ್ಲವೆ?” ಎಂದರು ಸರಕಾರಿ ವಕೀಲರು.

“ಹೆಂಗ ಗೊತ್ತಾಗಬೇಕ್ರಿ ಸಾಹೇಬ್ರ? ಹಾರ್ನ ಇರಲಿಲ್ಲ.”

“ಒಂದು ಸಲವೂ ಹೊಡೆಯಲಿಲ್ಲವೆ?”

“ಒಂದ ಸಲಾನೂ ಇಲ್ಲ. ಅಲ್ಲೆ ಚಾದಂಗಡಿ ಮಂದಿನೂ ಹೇಳ್ಯಾರ. ಸೇತುವಿ ಆಚೆ ತನಕ ಒದರಿಕೋತ ಬಂದದ್ದು, ಇಳಿಯೂದರಾಗ ಗಪ್ ಆಗೇತಿ. ಆದ್ರೂ ಸಾಹೇಬ್ರ, ನಾ ಮಾಫ್ ಮಾಡೀನಿ, ಅದನ್ನೂ ಬರಕೋರಿ.”

ಹಿಂದೆ ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ ತಲೆ ತಗ್ಗಿಸಿದ. ಇನ್ನೊಬ್ಬ ಟೊಪ್ಪಿಗೆ ತೆಗೆದ. ಅದನ್ನು ಇಂದುಮತಿ ಕಂಡಳು. ಚಂಪಾಳೂ ಕಂಡಳು. ಅವಳು ಡ್ರೈವರನ ಮಗಳು. ದೂರದಿಂದ ಬರುವ ಹಾರ್ನು ಕೇಳಿಯೇ ಅಪ್ಪನ ಗಾಡಿಯಲ್ಲಿ ಮದುವೆ ಮಂದಿ ಇದ್ದಾರೋ ಪೇಷಂಟ್ ಇದ್ದಾರೋ ಎಂದು ಓಣಿಯ ಹುಡುಗಿಯರಿಗೆ ಹೇಳಿ ಗೆಲ್ಲುತ್ತಿದ್ದವಳು. ಹಾರ್ನು ಇಲ್ಲದೆ ಬಂದ ದಿನ ಅವ್ವ ಬಾಗಿಲಲ್ಲಿ ನೀರಿನ ಕೊಡ ಇಟ್ಟು, ಅಪ್ಪನ ಕೈಕಾಲು ತೊಳೆಸಿ ಒಳಗೆ ಕರೆಯುತ್ತಿದ್ದುದನ್ನು ಕಂಡವಳು.

ಅವಳ ತುಟಿಗಳು ಅಲುಗಿದವು. ಆ ಫೋನನ್ನು ಅವಳು ಮತ್ತೆ ಕೇಳಿಸಿಕೊಳ್ಳುತ್ತಿದ್ದಾಳೆಂದು ಇಂದುಮತಿಗೆ ತಿಳಿಯಿತು. ಅದರಲ್ಲಿ ಇದ್ದದ್ದು ಗಾಳಿಯ ಸಪ್ಪಳ ಮಾತ್ರ.

ನ್ಯಾಯಾಧೀಶರು ಕನ್ನಡಕ ತೆಗೆದು ದ್ಯಾಮಣ್ಣನನ್ನು ನೋಡಿದರು. “ಕಡೆಯ ಸಲ ಕೇಳುತ್ತಿದ್ದೇನೆ. ಗೆರೆ ತೆರೆಸುತ್ತೀರಾ? ಅದರಿಂದ ನಿಮಗೇ ಒಳ್ಳೆಯದಾಗಬಹುದು.”

“ಬ್ಯಾಡ್ರಿ ಸಾಹೇಬ್ರ. ತಪ್ಪ ಒಪ್ಕೊಂಡೀನಿ.”

“ಅಪ್ಪಾ.” ಚಂಪಾ ಎದ್ದು ನಿಂತಿದ್ದಳು. ಜವಾನ ಕೂರಲು ಸನ್ನೆ ಮಾಡಿದ, ನ್ಯಾಯಾಧೀಶರು ಕೈಯೆತ್ತಿ ಅವನನ್ನು ತಡೆದರು. “ಅಪ್ಪಾ, ತಗಸು. ನನಗ ತಿಳೀತು.”

“ಏನ ತಿಳೀತವ್ವಾ?”

“ಹಾರ್ನ್ ಇರಲಿಲ್ಲ. ಫೋನಿನ್ಯಾಗ ಹಾರ್ನ್ ಇರಲಿಲ್ಲ.”

ದ್ಯಾಮಣ್ಣ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಮೇಲೆ ನಕ್ಕ. ಮಕ್ಕಳು ಹುಚ್ಚು ಪ್ರಶ್ನೆ ಕೇಳಿದಾಗ ಅಪ್ಪಂದಿರು ನಗುತ್ತಾರಲ್ಲ, ಹಾಗೆ.

“ಹುಚ್ಚಿ! ಒಂದ ಕೈಯಾಗ ಫೋನ್ ಹಿಡದಿದ್ದಿಲ್ಲೇನ? ಇನ್ನೊಂದ ಕೈಯಾಗ ಸ್ಟೀರಿಂಗು. ಹಾರ್ನ್ ಏನ ಮೂಗಿಲೆ ಹೊಡೀಲೇನು?”

ಹಿಂದಿನ ಡ್ರೈವರುಗಳು ಯಾರೂ ನಗಲಿಲ್ಲ. ಚಂಪಾ ಅಪ್ಪನನ್ನೇ ನೋಡಿದಳು. ಮುಳುಗುವವರು ದಂಡೆ ನೋಡುವ ಹಾಗಿತ್ತು ಆ ನೋಟ. ಆಮೇಲೆ ಇಂದುಮತಿಯ ಕಡೆ ತಿರುಗಿದಳು.

“ಹೌದೇನ್ರಿ ಅಕ್ಕಾರ? ನೀವು ನೋಡೀರಿ.”

ಇಂದುಮತಿಯ ಬಾಯಲ್ಲಿ ಬಿಡುಗಡೆಯ ಮಾತಿತ್ತು. ಆಡಿದರೆ ವಕೀಲಿಕೆಯ ಸನ್ನದು ಹೋಗುತ್ತಿತ್ತು. ಅದು ಹೋಗಲಿ, ಅದಕ್ಕಾಗಿ ಅವಳು ಹೆದರಲಿಲ್ಲ. ದ್ಯಾಮಣ್ಣನ ಮುಖ ನೋಡಿದಳು. ಅವನು ಏನನ್ನೂ ಬೇಡುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದ.

“ಹೌದವ್ವಾ,” ಎಂದಳು. “ಎಡಗೈ ಖಾಲಿ ಇರಲಿಲ್ಲ.”

ಚಂಪಾ ಕೂತಳು. ಒಂದು ವರ್ಷ ಸಜೆ, ಲೈಸೆನ್ಸು ಕಾಯಂ ರದ್ದು ಎಂದು ನ್ಯಾಯಾಧೀಶರು ಓದಿದಾಗ ಅವಳು ಆ ಒಗೆದ ಅಂಗಿಯನ್ನು ಮಡಿಲಲ್ಲಿ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಸಂಜೆ ಜಪ್ತಿಯಾದ ಗಾಡಿಯನ್ನು ಬಿಟ್ಟುಕೊಟ್ಟರು. ಪೊಲೀಸ್ ಠಾಣೆಯ ಅಂಗಳದಲ್ಲಿ ಅದು ಧೂಳು ಹೊತ್ತು ನಿಂತಿತ್ತು. ಮುಂದಿನ ದೀಪದ ಸಂದಿಯಲ್ಲಿ ಇನ್ನೂ ನಾಲ್ಕು ಕಾಳು ಚುರುಮುರಿ ಸಿಕ್ಕಿಕೊಂಡಿದ್ದವು. ಗೇಟಿನ ಹತ್ತಿರ, ದ್ಯಾಮಣ್ಣನನ್ನು ಒಯ್ಯುವ ವ್ಯಾನು ಕಾಗದಪತ್ರಕ್ಕೆ ಕಾಯುತ್ತಿತ್ತು. ಅವನು ಜಾಳಿಗೆಯ ಹಿಂದೆ ಆಚೆ ಮುಖ ಮಾಡಿ ಕೂತಿದ್ದ.

“ಈ ಸ್ಥಿತಿಯಾಗ ನೀ ಯಾಕವ್ವಾ ಹೊಡೀತಿ, ಯಾರನ್ನರ ಕರೀತೀನಿ,” ಎಂದ ಕಾನ್‌ಸ್ಟೇಬಲ್.

“ಬರತೈತ್ರಿ ನನಗ. ಅಪ್ಪನ ಕಲಿಸ್ಯಾನ.” ಚಂಪಾ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡಳು. ಅವಳು ಮನೆ ಬಿಟ್ಟ ಮೇಲೆ ಕೊಂಡ ಗಾಡಿ ಇದು, ಒಮ್ಮೆಯೂ ನಡೆಸಿರಲಿಲ್ಲ. ಇಂದುಮತಿ ಕಿಟಕಿಯ ಹತ್ತಿರ ಬಗ್ಗಿದಳು.

“ಸಾವಕಾಶ ಹೋಗು. ನಾನೂ ಹಿಂದ ಬರತೀನಿ.”

“ಹೂಂ ಅಕ್ಕಾರ.” ಅವಳು ತಲೆಯೆತ್ತಿ ಕನ್ನಡಿ ನೋಡಿದಳು. ಅದು ರಸ್ತೆ ತೋರಿಸುತ್ತಿರಲಿಲ್ಲ. ಕೆಳಗೆ ಬಾಗಿ, ಹಿಂದಿನ ಸೀಟನ್ನು ಮಾತ್ರ ತೋರಿಸುತ್ತಿತ್ತು. ಅದನ್ನು ಅವಳು ಸರಿಪಡಿಸಲಿಲ್ಲ. “ಫೋನ್ ಹಿಂಗ ಹಿಡದಿದ್ದನಲ್ರಿ ಅಪ್ಪ?”

ಚಂಪಾ ಎಡಗೈಯನ್ನು ಮೆಲ್ಲಗೆ ಹಿಂದೆ ಚಾಚಿದಳು, ಸೀಟಿನ ತಲೆದಿಂಬು ಇರುವಲ್ಲಿಯವರೆಗೆ, ಅಲ್ಲಿ ಯಾರದೋ ಕಿವಿ ಇದೆ ಎಂಬಂತೆ. ಬಲಗೈಯಿಂದ ಸ್ಟೀರಿಂಗು ಹಿಡಿದಳು. ಹಿಡಿದ ಕೈಯ ಹೆಬ್ಬೆರಳು, ಯಾವ ಪ್ರಯತ್ನವೂ ಇಲ್ಲದೆ, ತಾನಾಗಿ ಒಂದು ಗುಂಡಿಯ ಮೇಲೆ ಹೋಗಿ ಕೂತಿತು.

ಹಾರ್ನು ಕೂಗಿತು.

ಅಂಗಳದ ಮರದಿಂದ ಕಾಗೆಗಳು ಎದ್ದವು. ಗೇಟಿನಲ್ಲಿ ವ್ಯಾನು ಹೊರಟಿತು. ಚಂಪಾ ಬೆರಳು ಎತ್ತಲಿಲ್ಲ.